ಓಬಳಮ್ಮ ತೆಗೆದ ಕೈಮದ್ದು

ಜೂನ್ 10, 2024, ಸೋಮವಾರ. ಬೆಳಿಗ್ಗೆ, ಗುಬ್ಬಿ ಬಸ್ಸಿನಲ್ಲಿ

ಕಿಟಕಿ ಸೀಟು ಸಿಕ್ಕಿದೆ. ಬಸ್ಸು ಕುಣಿದ ಹಾಗೆ ಅಕ್ಷರವೂ ಕುಣಿಯುತ್ತಿದೆ. ಓದುವವನು ನಾನೊಬ್ಬನೇ, ನಡೆಯುತ್ತದೆ.

ಸ್ಕೂಲು ಶುರುವಾಗಿದೆ. ಮರಳೂರಿನಿಂದ ಗುಬ್ಬಿ, ಅಲ್ಲಿಂದ ಹೈಸ್ಕೂಲಿಗೆ ಕನ್ನಡ ಮೇಷ್ಟ್ರು ಅಂಜನಮೂರ್ತಿಯ ಬೈಕಿನ ಹಿಂದೆ. ಹತ್ತನೇ ತರಗತಿ ವಿಜ್ಞಾನ ಈ ಸಲವೂ ನನ್ನ ತಲೆಗೇ.

ಮಂಜುಶ್ರೀ ಇವತ್ತು ನನಗಿಂತ ಮೊದಲೇ ಎದ್ದಿದ್ದಳು. ಮಗಳು ಇಂಪನಾಳಿಗೆ ಎರಡು ಜಡೆ, ಅಮ್ಮನಿಗೆ ಕಾಫಿ, ನನಗೆ ಬಾಕ್ಸು. ಒಗ್ಗರಣೆ ಹಾಕುತ್ತಾ ಏನೋ ಗುನುಗುತ್ತಿದ್ದಳು. ಹೋದ ವರ್ಷ ಇದೇ ಹೊತ್ತಿಗೆ ಗೋಡೆ ಕಡೆ ತಿರುಗಿ ಮಲಗಿದವಳು ಏಳುತ್ತಲೇ ಇರಲಿಲ್ಲ. ಯಾಕೆ ಅಂದರೆ 'ಏನಿಲ್ಲ ರೀ'. ಶಿರಾ ಗೇಟಿನ ಅವಳ ಟೈಲರಿಂಗ್ ಅಂಗಡಿಗೆ ಬೀಗ. ಯಾರದೋ ಮದುವೆ ಬ್ಲೌಸಿನ ರೇಷ್ಮೆಯನ್ನು ತಪ್ಪಾಗಿ ಕತ್ತರಿಸಿ, ಕತ್ತರಿ ಹಿಡಿದುಕೊಂಡೇ ಅತ್ತಿದ್ದಳು. ಖಿನ್ನತೆ ಅಂದರು ಡಾ. ಮೋಹನ್‌ಕುಮಾರ್. ಪದ ಗೊತ್ತಿತ್ತು. ನಮ್ಮ ಮನೆಗೂ ಬರುತ್ತದೆ ಅಂತ ಗೊತ್ತಿರಲಿಲ್ಲ. ಅವರು ಕೊಟ್ಟ ಬಿಳಿ ಮಾತ್ರೆ ಅವಳನ್ನು ಎಬ್ಬಿಸಿ ಕೂರಿಸಿತು. ಈಗ ಅಂಗಡಿ ತೆಗೆದಿದೆ, ಮಿಷನ್ ಓಡುತ್ತಿದೆ.

ನಾಳೆ ಚೆಕಪ್. ಅಮ್ಮ ಜೊತೆಗೆ ಹೋಗುತ್ತಾಳೆ, ಯಾವಾಗಲೂ ಹೋಗುವ ಹಾಗೆ. ರಜೆ ಸಿಗಲ್ಲ ಎಂದಿದ್ದೇನೆ. ಕೇಳಿದರೆ ಸಿಗುತ್ತದೆ. ಆದರೆ ಆ ವೇಟಿಂಗ್ ರೂಮಿನಲ್ಲಿ ಯಾರಾದರೂ ಪೇರೆಂಟ್ ನನ್ನನ್ನು ನೋಡಿದರೆ ಸಾಕು, ಗಂಗರಾಜು ಮೇಷ್ಟ್ರಿಗೆ ತಲೆ ಕೆಟ್ಟಿದೆ ಅಂತ ಗುಬ್ಬಿ ತುಂಬಾ ಸುದ್ದಿ.

ಎಲ್ಲಾ ಸರಿಯಾಗಿದೆ. ಒಂದು ಬಿಟ್ಟು... ಅದನ್ನು ಇಲ್ಲಿ ಬರೆಯಲಾರೆ. ಪಕ್ಕದವನು ಇಣುಕುತ್ತಿದ್ದಾನೆ.

ಜೂನ್ 16, ಭಾನುವಾರ. ಮಧ್ಯಾಹ್ನ

ಅಮ್ಮ ಇಂಪನಾಳನ್ನು ಕರೆದುಕೊಂಡು ಗುಬ್ಬಿಗೆ ನಾಮಕರಣಕ್ಕೆ ಹೋಗಿದ್ದಾಳೆ. ಸಂಜೆವರೆಗೂ ನಾವಿಬ್ಬರೇ. ಹಿಂದೆಲ್ಲಾ ಇಂಥ ಭಾನುವಾರಕ್ಕೆ ಕಾದು ಕೂರುತ್ತಿದ್ದವಳು ಅವಳು. ಬಾಗಿಲ ಚಿಲಕ ಹಾಕಿ, ಬೆನ್ನು ಕೊಟ್ಟು ನಿಂತು ನಗುತ್ತಿದ್ದಳು.

ಇವತ್ತು ಚಿಲಕ ಹಾಕಿದವನು ನಾನು. ಬೇಡ ಅನ್ನಲಿಲ್ಲ, ಬಂದಳು. ಆದರೆ... ಹೇಗೆ ಬರೆಯುವುದು. ನಾನು ಅವಳ ಹತ್ತಿರ ಇದ್ದೆ, ಅವಳು ಫ್ಯಾನು ನೋಡುತ್ತಿದ್ದಳು. ಬಸ್ಸಿಗೆ ಕಾಯುವವರ ಮುಖ. ನಾನೇ ಎದ್ದು ಬಂದೆ. ಸಂಕ್ರಾಂತಿಯಿಂದ ಈಚೆಗೆ ಹೀಗೇ ಆಗಿದೆ.

ಆಮೇಲೆ ಅಡುಗೆ ಮನೆಯಲ್ಲಿ, ನನ್ನ ಕಡೆ ನೋಡದೆ ಹೇಳಿದಳು:

"ಕೋಪ ಮಾಡ್ಕೊಬೇಡಿ ಕಣ್ರೀ. ಪ್ರೀತಿ ಇಲ್ದೆ ಅಲ್ಲ. ಮೈಯೇ ನನ್ ಮಾತು ಕೇಳ್ತಿಲ್ಲ. ಆ ಆಸೆನೇ ಹುಟ್ಟಲ್ಲ. ಈ ಮಾತ್ರೆ ತಗೊಳಕ್ಕೆ ಶುರು ಮಾಡಿದ್ಮೇಲೇ ಹಿಂಗಾಗಿದ್ದು ಅನ್ಸುತ್ತೆ. ಅತ್ತೆ ಪಕ್ಕದಲ್ಲೇ ಕೂತಿರ್ತಾರೆ, ಡಾಕ್ಟ್ರನ್ನ ಹೆಂಗ್ ಕೇಳ್ಲಿ? ನೀವೊಂದ್ಸಲ ಬಂದು ಕೇಳ್ತೀರಾ?"

ನಗು ಬಂತು. "ತಲೆಗೆ ಕೊಟ್ಟ ಮಾತ್ರೆ ಅಲ್ಲಿಗ್ಯಾಕೆ ಹೋಗುತ್ತೆ ಮಂಜು?" ಎಂದೆ. ಅವಳು ಪಾತ್ರೆ ತೊಳೆದಳು.

ವಿಜ್ಞಾನದ ಮೇಷ್ಟ್ರಿಗೇ ಪಾಠ. ನಾನು ಬೇಡವಾಗಿದ್ದೇನೆ, ಅಷ್ಟೇ. ನೇರವಾಗಿ ಹೇಳಲಾರದೆ ಮಾತ್ರೆಯ ಮೇಲೆ ಹಾಕುತ್ತಿದ್ದಾಳೆ. ನನಗೆ ಇನ್ನೂ ನಲವತ್ತು ತುಂಬಿಲ್ಲ.

ಜೂನ್ 27, ಗುರುವಾರ

ನರವ್ಯೂಹದ ಪಾಠ ಮುಗಿಸಿದೆ. ಬೋರ್ಡಿನ ಮೇಲೆ ದೊಡ್ಡ ಮೆದುಳು, ಅಲ್ಲಿಂದ ಹೃದಯಕ್ಕೆ, ಹೊಟ್ಟೆಗೆ, ಕೈಕಾಲಿಗೆ ಬಾಣದ ಗುರುತು. "ಮೆದುಳು ಹೇಳಿದ ಹಾಗೆ ಮೈ ಕೇಳುತ್ತೆ" ಎಂದೆ. ಹುಡುಗರು ನಾಲ್ಕು ಪ್ರಶ್ನೆ ಕೇಳಿದರು. ಹುಡುಗಿಯರು ಏನೂ ಕೇಳಲಿಲ್ಲ. ಅರ್ಥವಾಗಿರಬೇಕು.

ಮನೆಗೆ ಬಂದರೆ ಅಮ್ಮ ಜಗಲಿಯಲ್ಲೇ ಹಿಡಿದಳು.

"ಏನ್ಲಾ ಗಂಗಾ, ನೀವಿಬ್ರೂ ನಕ್ಕೊಂಡು ಮಾತಾಡಿ ಎಷ್ಟ್ ದಿನ ಆಯ್ತು? ನಂಗೇನ್ ಕಣ್ಣಿಲ್ವಾ?"

ಏನೂ ಇಲ್ಲ ಎಂದೆ.

"ಇಲ್ಲ ಅನ್ಬೇಡ. ಇದು ಕೈಮದ್ದು ಕಣ್ಲಾ. ಸಂಕ್ರಾಂತಿಗೆ ಅವರವ್ವ ಹುತ್ರಿದುರ್ಗದಿಂದ ತಂಬಿಟ್ಟು ಕಟ್ಟಿ ಕಳ್ಸಿದ್ಲಲ್ಲ, ಇವ್ಳೊಬ್ಳೇ ತಿಂದ್ಲಲ್ಲ. ಮಗಳ ಮನಸ್ಸು ತೌರಿನ ಕಡೆಗೇ ಇರ್ಲಿ ಅಂತ ಬೆರೆಸವ್ಳೆ ಆ ನರಸಿಂಹಮ್ಮ. ಗಂಡನ ಮುಖ ಕಂಡ್ರೆ ಆಗದಂಗೆ ಮಾಡವ್ಳೆ."

ತಿಂಡಿಯಲ್ಲಿ ಏನೋ ಬೆರೆಸಿ ತಿನ್ನಿಸಿ ಮನಸ್ಸು ತಿರುಗಿಸುತ್ತಾರೆ ಅನ್ನುವ ಮಾತು. ಹುಟ್ಟಿದಾಗಿಂದ ಕೇಳಿದ್ದೇನೆ. ಸೊಪ್ಪಿನ ರಸ ಕುಡಿಸಿ ವಾಂತಿ ಮಾಡಿಸಿ ತೆಗೆಸುವವರೂ ಇದ್ದಾರೆ. ಪ್ರತಿ ವರ್ಷ ಮೂಢನಂಬಿಕೆ ಅಂತ ಮಕ್ಕಳಿಗೆ ಉದಾಹರಣೆ ಕೊಡುವುದು ಇದನ್ನೇ.

ಅಮ್ಮನಿಗೆ ಬೈದೆ. ಬೈದು ಒಳಗೆ ಬಂದು ಕೂತರೆ ಮನಸ್ಸಿನಲ್ಲಿ ಏನೋ ಹಗುರ. ಕೈಮದ್ದು ಅಂತಾದರೆ ನಾನು ಬೇಡವಾಗಿಲ್ಲ. ಬೇರೆ ಯಾರೋ ಮಾಡಿದ್ದು.

ಜುಲೈ 14, ಭಾನುವಾರ. ಸಂಜೆ

ಹೋಗಿ ಬಂದೆವು. ಕುಣಿಗಲ್ ದಾಟಿ ಒಳಗೆ ಒಂದು ಹಳ್ಳಿ. ಕೈಮದ್ದು ತೆಗೆಯುವವಳು ಓಬಳಮ್ಮ ಅಂತ, ಅಮ್ಮನ ವಯಸ್ಸು. ಒಳ್ಳೆಯ ಮಾತಿನ ಹೆಂಗಸು, ಮೋಸಗಾತಿ ಅಲ್ಲ. ತಾನು ಮಾಡುವುದನ್ನು ತಾನು ನಂಬಿದ್ದಾಳೆ.

ಮಂಜುಶ್ರೀಗೆ ಹೋದ ವಾರವೇ ಹೇಳಿದ್ದೆ. ಜಗಳ ಆಡುತ್ತಾಳೆ ಅಂದುಕೊಂಡಿದ್ದೆ. "ನಿಮಗೆ ಸಮಾಧಾನ ಆಗೋದಾದ್ರೆ ಬರ್ತೀನಿ" ಎಂದಳು.

ಖಾಲಿ ಹೊಟ್ಟೆಗೆ ಒಂದು ಲೋಟ ಹಸಿರು ರಸ. ಹಿತ್ತಲ ಹುಣಸೆ ಮರದ ಕೆಳಗೆ ಕೂರಿಸಿದರು. ಸ್ವಲ್ಪ ಹೊತ್ತಿಗೆ ಶುರುವಾಯಿತು. ನಾನು ಅವಳ ಜಡೆ ಹಿಡಿದು ಬೆನ್ನು ಸವರುತ್ತಾ ನಿಂತಿದ್ದೆ. ಕರುಳೇ ಬರುತ್ತದೇನೋ ಅನ್ನಿಸಿತು. ಓಬಳಮ್ಮ ಕಡ್ಡಿಯಿಂದ ಕೆದಕಿ ಅವರೆಕಾಳಿನಷ್ಟು ಕಪ್ಪನೆಯದೊಂದು ತೋರಿಸಿದಳು. "ನೋಡಪ್ಪಾ, ಇದೇ." ಅಮ್ಮ ಕೈ ಮುಗಿದಳು. ನಾನೂ ಬಗ್ಗಿ ನೋಡಿದೆ. ಲ್ಯಾಬಿನಲ್ಲಿ ಸೂಕ್ಷ್ಮದರ್ಶಕ ಇಟ್ಟುಕೊಂಡ ಮನುಷ್ಯ.

ಮಂಜುಶ್ರೀ ಬಾಯಿ ಒರೆಸಿಕೊಂಡು ನನ್ನನ್ನು ನೋಡಿದಳು. "ಸಾಕೇನ್ರೀ?" ಎಂದಳು. ನೀರಿನ ಚೊಂಬು ಅವಳ ಕೈಗೆ ಕೊಟ್ಟೆ.

ಪಥ್ಯ: ಮಾಂಸ ಇಲ್ಲ, ಮೊಸರು ಇಲ್ಲ, ಮೂರು ತಿಂಗಳು ಇಂಗ್ಲಿಷ್ ಮಾತ್ರೆ ಮುಟ್ಟುವಂತಿಲ್ಲ. ಡಾಕ್ಟರು ಕೊಟ್ಟಿದ್ದು ಒಂದಿದೆಯಲ್ಲ ಎಂದೆ.

"ಅದು ಹೊಟ್ಟೇಲಿದ್ರೆ ನನ್ ಸೊಪ್ಪು ಕೆಲ್ಸ ಮಾಡಕಿಲ್ಲ ಕಣಪ್ಪಾ. ನಿಲ್ಲುಸ್ಬುಡು."

ಮನೆಗೆ ಬಂದ ಮೇಲೆ ಮಾತ್ರೆಯ ಡಬ್ಬಿಯನ್ನು ಅವಳೇ ತಂದು ನನ್ನ ಕೈಗೆ ಕೊಟ್ಟಳು. ಬೀರುವಿನ ಮೇಲೆ ಇಟ್ಟೆ.

ಜುಲೈ 21, ಭಾನುವಾರ

ಎದ್ದರೆ ತಲೆ ಸುತ್ತು ಅನ್ನುತ್ತಾಳೆ. ತಲೆಯೊಳಗೆ ಆಗಾಗ ಕರೆಂಟ್ ಹೊಡೆದಂತೆ ಆಗುತ್ತದಂತೆ. ಕೆಟ್ಟ ಕನಸು. ಬೆವರು.

"ಮದ್ದು ಇಳೀತಾ ಐತೆ ಬುಡು" ಅನ್ನುತ್ತಾಳೆ ಅಮ್ಮ.

ಇರಬಹುದು.

ಆಗಸ್ಟ್ 11, ಭಾನುವಾರ

ಅಮ್ಮ, ಇಂಪನಾ ದೇವಸ್ಥಾನಕ್ಕೆ ಹೋಗಿದ್ದರು. ನಾನು ಪೇಪರ್ ಓದುತ್ತಿದ್ದೆ. ಚಿಲಕದ ಸದ್ದು. ತಲೆ ಎತ್ತಿದರೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಾಳೆ. ನಗುತ್ತಿದ್ದಾಳೆ.

ಅವಳೇ. ಎಂಟು ವರ್ಷದ ಹಿಂದಿನ ಅವಳೇ.

ಇನ್ನೇನೂ ಬರೆಯುವುದಿಲ್ಲ. ಆಮೇಲೆ ನಾನು ಅತ್ತುಬಿಟ್ಟೆ. ಅವಳು ತಲೆ ಸವರಿ "ಪೆದ್ದು" ಎಂದಳು. ಬಹಳ ಖುಷಿಯಾಗಿದ್ದೇನೆ.

ಆಗಸ್ಟ್ 18, ಭಾನುವಾರ

ಅಮ್ಮನ ಜೊತೆ ಹೋಗಿ ಓಬಳಮ್ಮನಿಗೆ ಸೀರೆ, ಹಣ್ಣು, ತೆಂಗಿನಕಾಯಿ ಕೊಟ್ಟು ಬಂದೆ. ಕಾಲಿಗೂ ಬಿದ್ದೆ. ಅಂಜನಮೂರ್ತಿಗೆ ಹೇಳಲಿಲ್ಲ, ಜೀವಮಾನ ಪೂರ್ತಿ ಆಡಿಕೊಳ್ಳುತ್ತಾನೆ. ಆದರೆ ಕಣ್ಣಾರೆ ಕಂಡಿದ್ದನ್ನು ಇಲ್ಲ ಅನ್ನುವುದು ಹೇಗೆ? ವಿಜ್ಞಾನಕ್ಕೆ ಎಲ್ಲವೂ ಗೊತ್ತಿಲ್ಲ.

ಸೆಪ್ಟೆಂಬರ್ 7, ಶನಿವಾರ. ಗಣೇಶನ ಹಬ್ಬ

ಕಡುಬು ಅಮ್ಮ ಒಬ್ಬಳೇ ಮಾಡಿದಳು. ಮಂಜುಶ್ರೀ ಹಿಟ್ಟಿನ ಮುಂದೆ ಕೂತವಳು ಕೂತೇ ಇದ್ದಳು. ಹಿಟ್ಟಿಗೆ ಕೈ ಹಾಕಲಿಲ್ಲ. ನಿದ್ದೆ ಇಲ್ಲ ಅನ್ನುತ್ತಾಳೆ. ಅಂಗಡಿಯಲ್ಲಿ ಹಬ್ಬಕ್ಕೆ ಕೊಡಬೇಕಾಗಿದ್ದ ಬ್ಲೌಸುಗಳು ಹಾಗೇ ಇವೆ, ಜನ ನನ್ನ ಫೋನಿಗೆ ಕರೆ ಮಾಡುತ್ತಿದ್ದಾರೆ.

ಸುಸ್ತಿರಬೇಕು.

ಸೆಪ್ಟೆಂಬರ್ 24, ಮಂಗಳವಾರ

ಗೋಡೆ ಕಡೆ ತಿರುಗಿ ಮಲಗಿದ್ದಾಳೆ.

ಬೀರುವಿನ ಮೇಲಿನ ಡಬ್ಬಿ ಕೆಳಗಿಳಿಸಿದೆ. ಅಮ್ಮ "ಪಥ್ಯ ಮುಗಿಯಕ್ಕೆ ಇನ್ನೊಂದಿಷ್ಟು ದಿನ ಐತೆ, ಕೆಡುಸ್ಬೇಡ ಕಣ್ಲಾ" ಎಂದಳು. ವಾಪಸ್ ಇಟ್ಟೆ. ಡಬ್ಬಿ ಕೈಯಲ್ಲಿತ್ತು. ವಾಪಸ್ ಇಟ್ಟೆ.

ಅಕ್ಟೋಬರ್ 19, ಶನಿವಾರ

ಹೋದ ವಾರ ಬೆಳಿಗ್ಗೆ ಅಂಗಡಿಗೆ ಅಂತ ಹೊರಟವಳು ಅಂಗಡಿಗೆ ಹೋಗಲಿಲ್ಲ. ಮಧ್ಯಾಹ್ನ ಯಾರೋ ಫೋನ್ ಮಾಡಿದರು. ಮರಳೂರು ಕೆರೆ ಏರಿ ಮೇಲೆ, ಚಪ್ಪಲಿ ಪಕ್ಕಕ್ಕೆ ಬಿಟ್ಟು ಕೂತಿದ್ದಳು. ನಾನು ಓಡಿ ಹೋದಾಗ "ಬಂದ್ರಾ" ಎಂದಳು, ಬಸ್‌ಸ್ಟ್ಯಾಂಡಿನಲ್ಲಿ ಕೇಳಿದ ಹಾಗೆ.

ಇದಕ್ಕಿಂತ ಹೆಚ್ಚು ಬರೆಯಲಾರೆ.

ಆಸ್ಪತ್ರೆಯಲ್ಲಿದ್ದಾಳೆ. ಡಾ. ಮೋಹನ್‌ಕುಮಾರ್ ಕೇಳಿದರು: "ಮಾತ್ರೆ ನಿಲ್ಲಿಸಿದ್ದು ಯಾರು?" ಖಾಲಿಯಾಗಿತ್ತು, ತರೋದು ಮರೆತೆ ಅಂದೆ. ಮೇಷ್ಟ್ರು ಅಂತ ಹೆಚ್ಚು ಬೈಯಲಿಲ್ಲ. ಅದೇ ಬಿಳಿ ಮಾತ್ರೆ ಮತ್ತೆ ಶುರು. ನೋಡಿಕೊಳ್ಳಲು ಹುತ್ರಿದುರ್ಗದಿಂದ ಅವಳ ಅಮ್ಮ ನರಸಿಂಹಮ್ಮ ಬಂದಿದ್ದಾರೆ. ರಾಗಿ ಗಂಜಿ ಮಾಡಿ ಚಮಚದಲ್ಲಿ ಕುಡಿಸುತ್ತಾರೆ.

ನವೆಂಬರ್ 24, ಭಾನುವಾರ

ಎದ್ದು ಓಡಾಡುತ್ತಿದ್ದಾಳೆ. ನಿನ್ನೆ ಇಂಪನಾಳ ಫ್ರಾಕಿಗೆ ಗುಂಡಿ ಹಾಕಿದಳು. ದೇವರು ದೊಡ್ಡವನು.

ಆ ಇನ್ನೊಂದು ಮತ್ತೆ ನಿಂತಿದೆ. ನಾನು ಕೈ ಹಿಡಿದರೆ ಹಿಡಿಸಿಕೊಳ್ಳುತ್ತಾಳೆ, ಅಷ್ಟೇ. ಈಗ ಅದು ನೆನಪಾಗುವುದೇ ತಪ್ಪು, ಜೀವ ಉಳಿದಿದ್ದೇ ಹೆಚ್ಚು. ಆದರೂ ನೆನಪಾಗುತ್ತದೆ.

ಡಿಸೆಂಬರ್ 8, ಭಾನುವಾರ

ಇವತ್ತು ಆಗಬಾರದ್ದು ಆಯಿತು.

ನರಸಿಂಹಮ್ಮ ಊರಿಗೆ ಹೋಗಿ ಬಂದವರು ಮಗಳಿಗೆ ಅಂತ ತಂಬಿಟ್ಟು ಮಾಡಿ ತಂದಿದ್ದರು. ಅಮ್ಮ ಡಬ್ಬಿ ಕಿತ್ತುಕೊಂಡು ಬೀದಿ ನಾಯಿಗೆ ಸುರಿದಳು.

"ತೆಗೆಸಿದ್ಮೇಲೆ ನೆಟ್ಟಗಾಗಿದ್ಲು. ನೀನು ಬಂದು ಒಂದು ತಿಂಗ್ಳಿಗೆ ಮತ್ತೆ ಗಂಡನ್ ಕಂಡ್ರೆ ಆಗಕಿಲ್ಲ. ಮತ್ತೆ ಹಾಕಿದ್ಯಾ?"

ನರಸಿಂಹಮ್ಮ ಖಾಲಿ ಡಬ್ಬಿ ಎತ್ತಿಕೊಂಡು ಸೆರಗಿನಿಂದ ಒರೆಸಿದರು. ಅಕ್ಕಪಕ್ಕದವರೆಲ್ಲ ಬಾಗಿಲಲ್ಲಿ.

ಮಂಜುಶ್ರೀ ನನ್ನ ಮುಂದೆ ಬಂದು ನಿಂತಳು. "ನೀವೂ ನಮ್ಮವ್ವನ್ನ ಹಂಗೇ ಅನ್ಕೊಂಡಿದೀರಾ?"

ಇಲ್ಲ ಅನ್ನಬೇಕಾಗಿತ್ತು. ಆಗಸ್ಟಿನ ಆ ಭಾನುವಾರ ಕಣ್ಣ ಮುಂದೆ ಬಂತು. ಮದ್ದು ತೆಗೆಸಿದ್ದಕ್ಕೇ ಅಲ್ಲವೇ ಅವಳು ಬಾಗಿಲಿಗೆ ಬೆನ್ನು ಕೊಟ್ಟು ನಕ್ಕಿದ್ದು? ಅದನ್ನು ಸುಳ್ಳು ಮಾಡಲು ಮನಸ್ಸಾಗಲಿಲ್ಲ. ಸುಮ್ಮನೆ ನಿಂತೆ.

ಮೂರು ಗಂಟೆ ಬಸ್ಸಿಗೆ ತಾಯಿ ಮಗಳು ಹೊರಟರು. ಇಂಪನಾಳಿಗೆ ಸ್ಕೂಲು ತಪ್ಪಬಾರದು ಅಂತ ಬಿಟ್ಟು ಹೋಗಿದ್ದಾಳೆ. ಶನಿವಾರ ಕಳಿಸಿ, ಭಾನುವಾರ ಕರ್ಕೊಂಡ್ ಹೋಗಿ ಎಂದಳು. ಹೊಲಿಗೆ ಮಿಷನ್ನಿಗೆ ನಾಳೆ ಆಟೋ ಕಳಿಸುತ್ತಾಳಂತೆ.

ಜನವರಿ 18, 2025, ಶನಿವಾರ

ಕುಣಿಗಲ್ ಬಸ್‌ಸ್ಟ್ಯಾಂಡ್. ಮಗುವನ್ನು ಒಪ್ಪಿಸುವುದು ಇಲ್ಲೇ. ನರಸಿಂಹಮ್ಮ ಬಂದು ಇಂಪನಾಳ ಬ್ಯಾಗು ತೆಗೆದುಕೊಳ್ಳುತ್ತಾರೆ. ನನ್ನ ಕಡೆ ನೋಡುವುದಿಲ್ಲ. ಮೊದಲು ನನ್ನನ್ನು ಕಂಡರೆ ತಲೆ ಮೇಲೆ ಸೆರಗು ಎಳೆದುಕೊಂಡು 'ಬನ್ನಿ ಅಳಿಯಂದಿರೇ' ಅನ್ನುತ್ತಿದ್ದವರು.

ಜಡೆ ಹಾಕುವುದು ಕಲಿತಿದ್ದೇನೆ. ಒಂದು ಮೇಲೆ, ಒಂದು ಕೆಳಗೆ ಆಗುತ್ತದೆ. "ಅಮ್ಮ ನೆಟ್ಟಗ್ ಹಾಕ್ತಾಳೆ" ಅಂತ ಇಂಪನಾ ದಿನಾ ಹೇಳುತ್ತಾಳೆ.

ಫೆಬ್ರವರಿ 17, ಸೋಮವಾರ

ಬೋರ್ಡಿನ ಮುಂದೆ ನಿಂತವನಿಗೆ ಯಾವ ಪಾಠ ಅಂತಲೇ ಗೊತ್ತಾಗಲಿಲ್ಲ. ಸೀಮೆಸುಣ್ಣ ಹಿಡಿದು ನಿಂತೇ ಇದ್ದೆನಂತೆ. ಅಂಜನಮೂರ್ತಿ ಕೈ ಹಿಡಿದು ಸ್ಟಾಫ್ ರೂಮಿಗೆ ಕರೆತಂದ. "ನಿದ್ದೆ ಮಾಡಿ ಎಷ್ಟ್ ದಿನ ಆಯ್ತು ಮೇಷ್ಟ್ರೇ?" ಎಂದ. ಬಾ ಅಂತ ತಾನೇ ಬೈಕಿನಲ್ಲಿ ಕೂರಿಸಿಕೊಂಡು ತುಮಕೂರಿಗೆ ಕರೆತಂದ.

ಅದೇ ವೇಟಿಂಗ್ ರೂಮು. ಒಂಬತ್ತನೇ ತರಗತಿಯ ಹುಡುಗನೊಬ್ಬನ ಅಪ್ಪ ಅಲ್ಲೇ ಕೂತಿದ್ದರು. "ನಮಸ್ಕಾರ ಸಾರ್" ಎಂದು ಜಾಗ ಬಿಟ್ಟರು. ಇಷ್ಟಕ್ಕೆ ಹೆದರಿ ಅವಳೊಬ್ಬಳನ್ನೇ ಅಮ್ಮನ ಜೊತೆ ಕಳಿಸುತ್ತಿದ್ದೆ.

ಡಾ. ಮೋಹನ್‌ಕುಮಾರ್ ಎಲ್ಲ ಕೇಳಿ ಮಾತ್ರೆ ಬರೆದರು. ಸ್ಟ್ರಿಪ್ ನೋಡಿದೆ. ಅವಳದ್ದೇ. ಅದೇ ಬಿಳಿ ಮಾತ್ರೆ.

ಮಾರ್ಚ್ 3, ಸೋಮವಾರ

ಇದನ್ನು ಪೂರ್ತಿ ಬರೆಯಬೇಕು.

ನಿದ್ದೆ ಬರುತ್ತಿದೆ. ಎದೆ ಹೊಡೆದುಕೊಳ್ಳುವುದು ಕಡಿಮೆ. ಆದರೆ ನಾಲ್ಕೈದು ದಿನದಿಂದ ಒಂದು ವಿಚಿತ್ರ. ಹೆಂಡತಿ ದೂರ ಇರುವ ಗಂಡಸು ನಾನು, ಮೈಗೆ ಅದರದೇ ಆದ ನೆನಪುಗಳು ಇರುತ್ತವೆ. ಅವೆಲ್ಲ ನಿಂತು ಹೋಗಿವೆ. ನಾನೇ ನೆನಪಿಸಿಕೊಂಡರೂ ಮೈ ಎಲ್ಲೂ ತಲುಪುವುದಿಲ್ಲ. ಕಲ್ಲು. ನನ್ನದಲ್ಲ ಅನ್ನಿಸುವ ಮೈ.

ಹೆದರಿ ಇವತ್ತೇ ಓಡಿದೆ. ಕೂರುವ ಮೊದಲೇ ಡಾಕ್ಟರು ಕೇಳಿದರು: "ಮಲಗೋ ಕೋಣೆ ವಿಷಯದಲ್ಲಿ ಏನಾದ್ರೂ ತೊಂದ್ರೆ ಶುರುವಾಯ್ತಾ?"

ಆಯ್ತು ಎಂದೆ. ಅವರಿಗೆ ಆಶ್ಚರ್ಯವೂ ಆಗಲಿಲ್ಲ. "ಈ ಮಾತ್ರೆಯಲ್ಲಿ ಹಂಗಾಗುತ್ತೆ. ಬದಲಾಯಿಸೋಣ. ಆದ್ರೆ ಒಂದೇ ಸಲಕ್ಕೆ ನಿಲ್ಲಿಸಬೇಡಿ" ಅಂತ ಬೇರೆ ಬರೆದರು. ಟೀ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ.

ಎದ್ದವನು ಬಾಗಿಲ ಹತ್ತಿರ ನಿಂತೆ. "ಇದು ಗಂಡಸರಿಗೆ ಮಾತ್ರಾನಾ ಸರ್?"

"ಯಾಕೆ? ಹೆಂಗಸ್ರಿಗೂ ಆಗುತ್ತೆ. ಗಂಡಸ್ರಿಗೆ ಹೆಚ್ಚಾಗಿ ಕೊನೆ ಮುಟ್ಟೋದು ತಡ ಆಗುತ್ತೆ, ಇಲ್ಲಾ ಮುಟ್ಟೋದೇ ಇಲ್ಲ. ಹೆಂಗಸ್ರಿಗೆ ಆಸೆ ಹುಟ್ಟೋದೇ ಕಷ್ಟ, ಮೈ ಸ್ಪಂದಿಸಲ್ಲ. ಒಬ್ಬೊಬ್ಬರಿಗೆ ಒಂದೊಂದ್ ಥರ. ಆದ್ರೆ ನಾನ್ ಕಂಡಿರೋ ದೊಡ್ಡ ವ್ಯತ್ಯಾಸ ಅದಲ್ಲ ಮೇಷ್ಟ್ರೇ. ಗಂಡಸ್ರು ಎರಡು ವಾರಕ್ಕೇ ಓಡಿ ಬಂದು ಹೇಳ್ತಾರೆ. ಹೆಂಗಸ್ರು ವರ್ಷ ಆದ್ರೂ ಬಾಯಿ ಬಿಡಲ್ಲ. ತಮ್ಮದೇ ತಪ್ಪು ಅನ್ಕೊಂಡಿರ್ತಾರೆ."

"ಮಂಜುಶ್ರೀನ ಕೇಳಿದ್ರಾ?"

ಪೆನ್ನು ಕೆಳಗಿಟ್ಟರು. "ಅವರ ವಿಷಯ ಅವರನ್ನೇ ಕೇಳಿ. ನನ್ನ ತಪ್ಪು ಮಾತ್ರ ನಾನು ಹೇಳಬಹುದು. ಮೊದಲೆಲ್ಲ ಜೊತೇಲಿ ನಿಮ್ಮ ತಾಯಿ ಇರ್ತಿದ್ರು. ಅವರೆದುರಿಗೆ ಆ ಪ್ರಶ್ನೆ ಕೇಳೋಕೆ ನನಗೂ ಬಾಯಿ ಬರಲಿಲ್ಲ. ನಿಮ್ಮನ್ನಾದ್ರೆ ಕೇಳಿಬಿಟ್ಟೆ, ನೋಡಿ."

ಮಾರ್ಚ್ 4, ಮಂಗಳವಾರ

ರಜೆ ಹಾಕಿದೆ. ಹೋದ ವರ್ಷದ ಪುಟಗಳನ್ನು ತಿರುವಿದೆ. ಜೂನ್ 16. ಅವಳು ಹೇಳಿದ್ದನ್ನು ಒಂದಕ್ಷರ ಬಿಡದೆ ನಾನೇ ಬರೆದಿದ್ದೇನೆ. 'ಮೈಯೇ ನನ್ ಮಾತು ಕೇಳ್ತಿಲ್ಲ.' ಬರೆದು ನಕ್ಕಿದ್ದೇನೆ. ಹತ್ತು ದಿನ ಬಿಟ್ಟು ಬೋರ್ಡಿನ ಮೇಲೆ ಮೆದುಳು ಬರೆದು ಬಾಣ ಎಳೆದಿದ್ದೇನೆ.

ಓಬಳಮ್ಮ ತೆಗೆದಿದ್ದು ಏನೂ ಇಲ್ಲ. ಮಾತ್ರೆ ನಿಂತಿತು, ಆಸೆ ಬಂತು. ಮಾತ್ರೆ ನಿಂತಿತು, ಕಾಯಿಲೆಯೂ ಬಂತು. ಆಸೆ ಬಂದಾಗ ಓಬಳಮ್ಮನಿಗೆ ಸೀರೆ ಕೊಟ್ಟು ಕಾಲಿಗೆ ಬಿದ್ದೆ. ಕಾಯಿಲೆ ಬಂದಾಗ ಡಬ್ಬಿ ಬೀರುವಿನ ಮೇಲೆ ಇಟ್ಟೆ. ಕೆರೆ ಏರಿಯವರೆಗೂ ಅವಳನ್ನು ನಡೆಸಿಕೊಂಡು ಹೋದವನು ನಾನೇ.

ಅವಳು ಬೇರೆ ಏನನ್ನೂ ಕೇಳಿರಲಿಲ್ಲ. ಒಂದು ಸಲ ಬಂದು ಡಾಕ್ಟರನ್ನು ಕೇಳಿ ಎಂದಿದ್ದಳು.

ಮಾರ್ಚ್ 9, ಭಾನುವಾರ. ಹುತ್ರಿದುರ್ಗದಿಂದ ವಾಪಸ್ಸು, ಬಸ್ಸಿನಲ್ಲಿ

ಈ ಸಲ ಇಂಪನಾಳನ್ನು ಕರೆತರಲು ಕುಣಿಗಲ್‌ನಲ್ಲಿ ನಿಲ್ಲದೆ ಮನೆಗೇ ಹೋದೆ.

ಬೆಟ್ಟದ ಕೆಳಗೆ, ಜಗಲಿ ಮೇಲೆ ಮಿಷನ್ ಹಾಕಿಕೊಂಡಿದ್ದಾಳೆ. ಸುತ್ತ ಬ್ಲೌಸ್ ಪೀಸುಗಳು. ಮೈ ಕೈ ತುಂಬಿಕೊಂಡಿದ್ದಾಳೆ. ನನ್ನನ್ನು ನೋಡಿ ಮಿಷನ್ ನಿಲ್ಲಿಸಲಿಲ್ಲ.

ನರಸಿಂಹಮ್ಮ ಮಜ್ಜಿಗೆ ಲೋಟ ತಂದು ನನ್ನ ಮುಂದೆ ನೆಲಕ್ಕೆ ಇಟ್ಟರು. "ಕುಡೀರಿ. ಏನೂ ಬೆರೆಸಿಲ್ಲ" ಎಂದರು.

ಕುಡಿದೆ. ಲೋಟ ಖಾಲಿ ಮಾಡಿ ಕೆಳಗಿಟ್ಟೆ.

ಎಲ್ಲಾ ಹೇಳಿದೆ. ಅದೇ ಮಾತ್ರೆ ನನಗೂ ಕೊಟ್ಟಿದ್ದು, ನನ್ನ ಮೈಗೆ ಆಗಿದ್ದು, ಡಾಕ್ಟರು ನನ್ನನ್ನು ಕೇಳಿದ್ದು, ಬೇರೆ ಮಾತ್ರೆ ಬರೆದಿದ್ದು. ತಪ್ಪಾಯಿತು ಮಂಜು ಎಂದೆ. ಅವಳು ದಾರ ಕಚ್ಚಿ ಕತ್ತರಿಸಿದಳು.

"ಗೊತ್ತು ಕಣ್ರೀ. ಜನವರಿಲಿ ನಾನೊಬ್ಳೇ ಹೋಗಿದ್ದೆ. ನಾಚ್ಕೆ ಆಯ್ತು. ಆದ್ರೂ ಕೇಳ್ದೆ. ಡಾಕ್ಟ್ರು ಮಾತ್ರೆ ಬದಲಾಯ್ಸಿದ್ರು."

"ಈಗ?"

"ಈಗ ಸರಿ ಇದೆ. ಕಾಯ್ಲೆನೂ ಇಲ್ಲ, ಅದೂ ವಾಪಸ್ ಬಂದಿದೆ."

ನನ್ನ ಮುಖ ಅರಳಿರಬೇಕು. ಅವಳು ನೋಡಿದಳು, ಕಣ್ಣು ತಗ್ಗಿಸಿದಳು.

"ಆಸೆ ಬಂದಿದೆ ರೀ. ನಿಮ್ ಕಡೆಗೆ ಬರ್ತಿಲ್ಲ." ಬಟ್ಟೆಯ ಅಂಚು ಮಡಿಸುತ್ತಾ, ಮೆಲ್ಲಗೆ: "ಆ ಹುಣಸೆ ಮರದ್ ಕೆಳಗೆ ನನ್ ಜಡೆ ಹಿಡ್ಕೊಂಡ್ ನಿಂತಿದ್ರಲ್ಲ. ನಿಮ್ಮನ್ನ ನೆನ್ಸ್ಕೊಂಡ್ರೆ ಆ ಕೈನೇ ಬರುತ್ತೆ. ನಾನೇನ್ ಮಾಡ್ಲಿ."

ಕೋಪದಲ್ಲಿ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ನನ್ನ ಮೇಲೆ ಕನಿಕರ ಪಟ್ಟು ಹೇಳಿದಳು.

ಇಂಪನಾ ನನ್ನ ತೊಡೆ ಮೇಲೆ ಮಲಗಿದ್ದಾಳೆ. ಜಡೆ ಎರಡೂ ನೆಟ್ಟಗಿವೆ.

ಮಾರ್ಚ್ 16, ಭಾನುವಾರ

ಅಮ್ಮ ಹಿತ್ತಲಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದಳು. ಎದುರಿಗೆ ಕೂತು ನಾನೂ ಬೀಜ ತೆಗೆಯತೊಡಗಿದೆ. ಒಂದು ವಾರದಿಂದ ಹೇಳಬೇಕು ಅಂದುಕೊಂಡಿದ್ದು. ಮಗ ತಾಯಿಗೆ ಹೇಳುವ ಮಾತಲ್ಲ. ಹೇಳಿದೆ. ನನಗೂ ಹಾಗೇ ಆಯಿತು ಎಂದೆ.

"ಹಂಗಾದ್ರೆ ಸೊಪ್ಪು ಕುಡುದ್ಮೇಲೆ ಸರಿಯೋದ್ಲಲ್ಲಾ?"

"ಸೊಪ್ಪಿನಿಂದಲ್ಲ ಅಮ್ಮ. ಮಾತ್ರೆ ನಿಲ್ಸಿದ್ದಕ್ಕೆ. ಕಾಯಿಲೆ ಮತ್ತೆ ಬಂದಿದ್ದೂ ಅದಕ್ಕೇ."

ಕೈ ನಿಂತಿತು. ಬೈಯುತ್ತಾಳೆ, ಇಲ್ಲಾ ಅಳುತ್ತಾಳೆ ಅಂದುಕೊಂಡೆ.

"ಆ ಡಾಕ್ಟ್ರು ಪ್ರತಿ ಸಲನೂ ನನ್ ಮುಖ ನೋಡಿ ಸುಮ್ನಾಗ್ತಿದ್ರು ಕಣ್ಲಾ. ಏನೋ ಕೇಳ್ಬೇಕು ಅಂತಿದ್ರು. ಅವ್ಳೂ ಸೆರಗು ತಿರುವ್ತಾ ಕೂತಿರ್ತಿದ್ಲು. ನಾನಾದ್ರೂ ಎದ್ದು ಆಚೆ ಹೋಗ್ಬಾರ್ದಾಗಿತ್ತಾ?"

ಆಮೇಲೆ ಬಿಡಿಸಿದ ಹಣ್ಣನ್ನೆಲ್ಲ ಉಂಡೆ ಕಟ್ಟಿದಳು. ಅರ್ಧ ಹುತ್ರಿದುರ್ಗಕ್ಕೆ ಎಂದಳು.

ಮಾರ್ಚ್ 23, ಭಾನುವಾರ. ಸಂಜೆ

ನಿನ್ನೆ ಇಂಪನಾಳನ್ನು ಬಿಡಲು ಅಮ್ಮನೂ ಬಂದಳು. ಕುಣಿಗಲ್ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರೂ ಮುದುಕಿಯರು ಎದುರುಬದುರು. ಅಮ್ಮ ಹುಣಸೆಹಣ್ಣಿನ ಚೀಲ ಕೆಳಗಿಟ್ಟಳು. ಮೊಮ್ಮಗಳಿಗೆ ಅಂತ ನರಸಿಂಹಮ್ಮನ ಕೈಯಲ್ಲಿ ಒಂದು ಡಬ್ಬಿ ಇತ್ತು. ಅದೇ ಡಬ್ಬಿ.

"ನಂಗೊಂದು ಕೊಡವ್ವಾ" ಎಂದಳು ಅಮ್ಮ.

ನರಸಿಂಹಮ್ಮ ಕೊಡಲೋ ಬೇಡವೋ ಅಂತ ನಿಂತರು. ಆಮೇಲೆ ಮುಚ್ಚಳ ತೆಗೆದರು. ಅಮ್ಮ ಅಷ್ಟು ಜನರ ನಡುವೆ ನಿಂತು ಒಂದು ತಂಬಿಟ್ಟನ್ನು ಪೂರ್ತಿ ತಿಂದಳು. ಕೈಗೆ ಅಂಟಿದ ಪುಡಿಯನ್ನೂ ಬಿಡಲಿಲ್ಲ. ಅಮ್ಮನಿಗೆ ಶುಗರ್ ಇದೆ. ನಾನು ಬೇಡ ಅನ್ನಲಿಲ್ಲ.

ಇವತ್ತು ಪರೀಕ್ಷೆ ಡ್ಯೂಟಿಗೆ ರಜೆ. ನಾಲ್ಕು ಗಂಟೆಗೆ ಫೋನು. ಇಂಪನಾಳನ್ನು ಕುಣಿಗಲ್‌ಗೆ ಯಾವ ಬಸ್ಸಿಗೆ ಕರೆತರಬೇಕು ಅಂತ ಕೇಳಲು ಇರಬೇಕು ಅಂದುಕೊಂಡೆ. ನರಸಿಂಹಮ್ಮನ ನಂಬರಿನಿಂದ, ಆದರೆ ಮಂಜುಶ್ರೀ.

"ಅತ್ತೆ ತಂಬಿಟ್ಟು ತಿಂದ್ರಂತೆ. ಅವ್ವ ರಾತ್ರಿಯೆಲ್ಲಾ ಅದನ್ನೇ ಹೇಳ್ತಿದ್ಲು" ಎಂದಳು. ಹೂಂ ಎಂದೆ. ಯುಗಾದಿಗೆ ಬರ್ತೀಯಾ ಅಂತ ಕೇಳಲು ನಾಲಿಗೆ ತುದಿಗೆ ಬಂತು. ನುಂಗಿದೆ. ಅದನ್ನು ಕೇಳುವ ಹಕ್ಕು ನನಗಿಲ್ಲ.

ಇಡುತ್ತಾಳೆ ಅಂದುಕೊಂಡೆ. ಇಡಲಿಲ್ಲ.

"ನಿಮ್ಗೂ ಮಾತ್ರೆ ಬದಲಾಯ್ಸಿದ್ರಲ್ಲ. ಈಗ ಹೆಂಗಿದೆ ನಿಮ್ಗೆ?"

ಅಷ್ಟೇ ಕೇಳಿದಳು. ಅಡುಗೆ ಮನೆಯಲ್ಲಿ ಅವಳು ನನ್ನ ಕಡೆ ನೋಡದೆ ನಿಂತಿದ್ದ ದಿನ ನಾನು ಕೇಳಬೇಕಾಗಿದ್ದು ಇಷ್ಟೇ. ಆಗ ನಕ್ಕಿದ್ದೆ. ಅವಳು ನಗಲಿಲ್ಲ. ಆ ಕಡೆ ಮಿಷನ್ ಸದ್ದೂ ಇರಲಿಲ್ಲ, ಉತ್ತರಕ್ಕೆ ಕಾಯುತ್ತಿದ್ದಳು.

ಪರವಾಗಿಲ್ಲ ಅಂದು ಮುಗಿಸಬಹುದಿತ್ತು. "ಮಂಜು" ಎಂದೆ. "ಹೇಳಿ" ಎಂದಳು. "ಅವತ್ತು ಅಡುಗೆ ಮನೇಲಿ ನಾನು ಮೊದಲು ನಿನ್ನನ್ನೇ ಹೀಗೆ ಕೇಳ್ಬೇಕಾಗಿತ್ತು" ಎಂದೆ, ಆಮೇಲೆ ನನ್ನ ಮೈ ಈಗ ಹೇಗಿದೆ ಅಂತ ಏನೂ ಮುಚ್ಚಿಡದೆ ಹೇಳಿದೆ.